ಪೋಖರಾದಿಂದ ಜೋಮ್‌ಸೋಮ್‌ಗೆ ವಿಮಾನ: ಯಾತ್ರೆ ಯೋಜಿಸುವವರಿಗೆ ಕೆಲವು ಮಾತು

ನೇಪಾಳದ ಮುಕ್ತಿನಾಥ ದೇವಸ್ಥಾನಕ್ಕೆ ಹೊರಡುವ ನಮ್ಮ ಕಡೆಯವರು ಮೊದಲು ವಿಚಾರಿಸುವುದು ಪೋಖರಾದಿಂದ ದೇವಸ್ಥಾನದ ಸಮೀಪದ ಜೋಮ್‌ಸೋಮ್‌ಗೆ ವಿಮಾನದಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆ ಎಂದು. ಎರಡು ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 70 ಕಿ.ಮೀ., ಹಾರಾಟ 20ರಿಂದ 25 ನಿಮಿಷ. ಬೇನಿ, ತಾತೋಪಾನಿ, ಘಾಸಾ ಮಾರ್ಗವಾಗಿ ರಸ್ತೆಯಲ್ಲಿ ಹೋದರೆ ಸುಮಾರು 160 ಕಿ.ಮೀ. ಆಗುತ್ತದೆ, ಬೆಳಿಗ್ಗೆ ಜೀಪು ಹತ್ತಿದವರು ಸಂಜೆಯ ಹೊತ್ತಿಗೆ ತಲುಪುತ್ತಾರೆ. ಆದರೆ ಈ ಅಂಕಿಗಳನ್ನಷ್ಟೇ ನಂಬಿ ದಿನಗಳನ್ನು ಲೆಕ್ಕ ಹಾಕಬೇಡಿ.

ಇಲ್ಲಿ ಸಮಯವನ್ನು ನಿರ್ಧರಿಸುವುದು ಗಾಳಿ. 8,167 ಮೀಟರ್ ಎತ್ತರದ ಧವಳಗಿರಿಗೂ 8,091 ಮೀಟರಿನ ಅನ್ನಪೂರ್ಣಕ್ಕೂ ನಡುವೆ ಕಾಳಿ ಗಂಡಕಿ ನದಿಯ ಕಣಿವೆಯಿದೆ. ಬಿಸಿಲೇರಿದಂತೆ ಉತ್ತರಕ್ಕಿರುವ ಮೇಲಿನ ಮುಸ್ತಾಂಗ್ ಪ್ರದೇಶದ ಒಣನೆಲ ಕಾಯುವುದರಿಂದ ದಕ್ಷಿಣದ ಗಾಳಿಯೆಲ್ಲ ಈ ಇಕ್ಕಟ್ಟಿನಲ್ಲಿ ನುಗ್ಗುತ್ತದೆ. ಹಾಗಾಗಿ ಇಪ್ಪತ್ತರೊಳಗೆ ಆಸನಗಳಿರುವ ಈ ಸಣ್ಣ ವಿಮಾನಗಳು ಬೆಳಗಿನ ಹೊತ್ತು ಮಾತ್ರ ಹಾರುತ್ತವೆ. ಪೋಖರಾದಿಂದ ಬಂದ ವಿಮಾನವೇ ಜನರನ್ನು ಇಳಿಸಿ, ಕಾದವರನ್ನು ಹತ್ತಿಸಿಕೊಂಡು ಮರಳುತ್ತದೆ. ಜೋಮ್‌ಸೋಮ್‌ನಲ್ಲಿ ಆಕಾಶ ಎಷ್ಟೇ ತಿಳಿಯಾಗಿದ್ದರೂ ಕೆಳಗೆ ಪೋಖರಾದಲ್ಲಿ ಮಂಜು ಕವಿದಿದ್ದರೆ ವಿಮಾನ ಬರುವುದಿಲ್ಲ. ನಾವು ಅಲ್ಲಿ ಕಾಯುತ್ತಿದ್ದಾಗ ಊರಿನವರು ಗಡಿಯಾರ ನೋಡದೆ ಓಡುದಾರಿಯ ಬದಿಯಲ್ಲಿ ಗಾಳಿಯ ದಿಕ್ಕು, ಬಿರುಸು ತೋರಿಸುವ ಗಾಳಿಚೀಲವನ್ನೇ ನೋಡುತ್ತಿದ್ದರು. ಅದು ಉಬ್ಬಿ ನೆಟ್ಟಗೆ ನಿಂತಿತೆಂದರೆ ಅಂದಿನ ಹಾರಾಟ ಮುಗಿಯಿತೆಂದೇ ಅವರ ಲೆಕ್ಕ. ಈ ಮಾರ್ಗದಲ್ಲಿ 2016ರಲ್ಲಿಯೂ 2022ರಲ್ಲಿಯೂ ವಿಮಾನಗಳು ಬೆಟ್ಟಕ್ಕೆ ಅಪ್ಪಳಿಸಿ ಒಬ್ಬರೂ ಉಳಿಯಲಿಲ್ಲ. ಹಾರಾಟ ರದ್ದಾಯಿತೆಂದು ಸಿಬ್ಬಂದಿಯೊಡನೆ ವಾದಕ್ಕಿಳಿಯುವವರು ಇದನ್ನು ದಯವಿಟ್ಟು ನೆನೆಯಬೇಕು.

ವಯಸ್ಸಾದವರನ್ನು ಕರೆದೊಯ್ಯುವವರಿಗೆ ನನ್ನ ಸಲಹೆಯೆಂದರೆ, ಹೋಗುವಾಗ ಜೀಪು, ಬರುವಾಗ ವಿಮಾನ. ಪೋಖರಾ ಸುಮಾರು 800 ಮೀಟರ್ ಎತ್ತರದಲ್ಲಿದ್ದರೆ ಜೋಮ್‌ಸೋಮ್ 2,700 ಮೀಟರಿಗೂ ಮೇಲಿದೆ, ಮುಕ್ತಿನಾಥ 3,700ನ್ನೂ ದಾಟುತ್ತದೆ. ವಿಮಾನದಿಂದಿಳಿದು ಅದೇ ಬೆಳಿಗ್ಗೆ ಕಾಗ್‌ಬೇನಿಯ ಮೇಲೆ ಹಾದು ದೇವಸ್ಥಾನಕ್ಕೆ ಧಾವಿಸಿದರೆ ದೇಹಕ್ಕೆ ಹೊಂದಿಕೊಳ್ಳಲು ಅವಕಾಶವೇ ಸಿಗದು. ನನ್ನ ತಾಯಿಯವರೊಡನೆ ಹೋಗಿದ್ದರಿಂದ ತಾತೋಪಾನಿಯಲ್ಲಿ ಒಂದು ರಾತ್ರಿ, ಜೋಮ್‌ಸೋಮ್‌ನಲ್ಲಿ ಇನ್ನೊಂದು ರಾತ್ರಿ ತಂಗಿದೆವು. ಮುಕ್ತಿನಾಥದ 108 ಧಾರೆಗಳ ತಣ್ಣೀರಿಗೆ ತಲೆಯೊಡ್ಡಿದ ಮೇಲೂ ಅವರಿಗೆ ತಲೆನೋವು, ಉಬ್ಬಸ ಬರಲಿಲ್ಲ. ಮರಳುವ ವಿಮಾನ ತಪ್ಪಿದರೂ ಬೆಳಿಗ್ಗೆಯೇ ಅದು ತಿಳಿಯುವುದರಿಂದ ಜೀಪು ಹಿಡಿದು ರಾತ್ರಿಯೊಳಗೆ ಪೋಖರಾ ಸೇರಬಹುದು. ಹಾಗಿದ್ದರೂ ಕಠ್ಮಂಡುವಿನಿಂದ ಊರಿಗೆ ಹೊರಡುವ ಟಿಕೆಟ್ಟಿಗೂ ಇದಕ್ಕೂ ನಡುವೆ ಒಂದು ಪೂರ್ತಿ ದಿನ ಬಿಡುವಿರಲೇಬೇಕು. ಮಳೆಗಾಲದಲ್ಲಿ ವಿಮಾನವೂ ನಿಲ್ಲುತ್ತದೆ, ಗುಡ್ಡ ಕುಸಿದು ರಸ್ತೆಯೂ ಮುಚ್ಚುತ್ತದೆ. ಅಕ್ಟೋಬರ್, ನವೆಂಬರ್ ತಿಂಗಳುಗಳು ಉತ್ತಮ.

ಭಾರತದಿಂದ ವಿಮಾನದಲ್ಲಿ ಬರುವವರು ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ತರಬೇಕು. ಆಧಾರ್ ಒಂದನ್ನೇ ನೆಚ್ಚಬೇಡಿ. ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಪರವಾನಗಿಯನ್ನು ಪೋಖರಾದಲ್ಲಿಯೇ ಮಾಡಿಸಿಕೊಳ್ಳಿ. ಸಾಮಾನು ಕಡಿಮೆಯಿರಲಿ. ನೇಪಾಳದ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದಿರುವುದರಿಂದ, ನಸುಕಿನ ವಿಮಾನಕ್ಕೆ ಎಚ್ಚರಿಕೆಯ ಗಂಟೆ ಇಡುವಾಗ ಕೈಗಡಿಯಾರವನ್ನು ಸರಿಪಡಿಸಿಕೊಂಡಿದ್ದೀರಾ ಎಂದು ಒಮ್ಮೆ ನೋಡಿ.