ಡಿಫರ್ ಮಾಡಿದ್ರೆ ಚೆಕ್ ಆಫ್ ಮಾಡಿದ ಹಾಗೇ ಅಲ್ವಾ?

ಪುಣೆಯ ಹಿಂಜೆವಾಡಿ ಟ್ರಾಫಿಕ್ಕಲ್ಲಿ ಕ್ಯಾಬ್ ನಿಂತಾಗ ಕೇಳ್ತಾರೆ, ಚಹಾ ಟಪರಿಯಲ್ಲಿ ಕೇಳ್ತಾರೆ, ಒಬ್ರಂತೂ ಮದುವೆ ಊಟದಲ್ಲಿ ಕೇಳಿದ್ರು, ಎಲೆಗೆ ಇನ್ನೂ ಉಪ್ಪು ಬಿದ್ದಿರಲಿಲ್ಲ: "ಕನ್‌ಸ್ಟ್ರೇಂಟ್ ಡಿಫರ್ ಮಾಡಿದ್ರೆ ಚೆಕ್ ಆಫ್ ಮಾಡಿದ ಹಾಗೇ ಅಲ್ವಾ ಸರ್?" ಕನ್‌ಸ್ಟ್ರೇಂಟ್ ಅಂದ್ರೆ ಡೇಟಾಬೇಸ್ ಟೇಬಲ್ಲಿಗೆ ಹಾಕೋ ನಿಯಮ, ಡಿಫರ್ ಅಂದ್ರೆ ಅದರ ಚೆಕ್‌ನ ಮುಂದಕ್ಕೆ ಹಾಕೋದು. ಆಫ್ ಮಾಡಿದ ಹಾಗೆ ಅಲ್ಲ. ಆ "ಹಾಗೇ ಅಲ್ವಾ" ಇದ್ಯಲ್ಲ, ಅದೇ ಮೈ ಉರಿಸೋದು. ತೀರ್ಪು ಅವರೇ ಬರ್ಕೊಂಡು ಬಂದಿರ್ತಾರೆ, ನಾನು ಬರೀ ಸಹಿ ಹಾಕ್ಬೇಕು.

ಚೆಕ್ ಆಗೇ ಆಗುತ್ತೆ ಮಾರಾಯ್ರೆ, ಕಮಿಟ್ ಹೊತ್ತಿಗೆ, ಅಂದ್ರೆ ಬದಲಾವಣೆಗಳನ್ನ ಖಾಯಂ ಮಾಡೋ ಹೊತ್ತಿಗೆ ಆಗುತ್ತೆ ಅಷ್ಟೇ, ತಪ್ಪಿದ್ರೆ ಇಡೀ ಟ್ರಾನ್ಸಾಕ್ಷನ್ (ಒಟ್ಟಿಗೆ ಮಾಡಿದ ಬದಲಾವಣೆಗಳ ಕಟ್ಟು) ವಾಪಸ್.

ಇಲ್ಲಿ ಪುಣೆಯಲ್ಲಿ ನಮ್ಮವರ ರಾಜ್ಯೋತ್ಸವದ ಕಾರ್ಯಕ್ರಮ ಪಟ್ಟಿ ಒಂದ್ಸಲ ನನ್ನ ತಲೆಗೆ ಬಂತು. ಪೋಸ್ಟ್‌ಗ್ರೆಸ್ ಡೇಟಾಬೇಸಲ್ಲಿ ಒಂದು ಟೇಬಲ್, ಕ್ರಮಸಂಖ್ಯೆ ಮೇಲೆ ಯುನೀಕ್, ಅಂದ್ರೆ ಒಂದೇ ನಂಬರ್ ಎರಡು ಸಲ ಬರೋ ಹಾಗಿಲ್ಲ. ಹಿಂದಿನ ರಾತ್ರಿ ಹತ್ತೂವರೆಗೆ ಫೋನು: "ರೀ, ನಮ್ಮ ಹುಡುಗಿ ಡಾನ್ಸ್ ಐದನೇದು ಐತಂತಲ್ಲ, ಅಷ್ಟೊತ್ತು ಮೇಕಪ್ ನಿಲ್ಲಂಗಿಲ್ಲ, ಮೂರಕ್ಕ ತಗೋರಿ." ಮೂರರಲ್ಲಿ ಕೋಲಾಟ. ಡಾನ್ಸನ್ನ ಮೂರಕ್ಕೆ ತಂದ್ರೆ ಡೂಪ್ಲಿಕೇಟ್ ಕೀ ಎರರ್, ಕೋಲಾಟನ ಐದಕ್ಕೆ ತಳ್ಳಿದ್ರೂ ಡೂಪ್ಲಿಕೇಟ್ ಕೀ, ಎರಡನ್ನೂ ಒಂದೇ ಅಪ್‌ಡೇಟಲ್ಲಿ ಹಾಕಿದ್ರೂ ಅದೇ ರಾಗ, ಯಾಕಂದ್ರೆ ಮಾಮೂಲಿ ಯುನೀಕ್ ಒಂದೊಂದು ರೋ (ಸಾಲು) ಬದಲಾದ ಕೂಡಲೇ ನೋಡುತ್ತೆ. ಕೋಲಾಟನ ತಾತ್ಕಾಲಿಕವಾಗಿ 999ಕ್ಕೆ ಕಳಿಸಿ, ಡಾನ್ಸನ್ನ ಮೂರಕ್ಕೆ ತಂದು, ಮಲ್ಕೊಂಡೆ. ಬೆಳಿಗ್ಗೆ ಪ್ರಿಂಟಾಗಿ ಬಂದ ಪಟ್ಟಿಯಲ್ಲಿ ವಂದನಾರ್ಪಣೆ ಆದ್ಮೇಲೆ "999. ಕೋಲಾಟ".

ಆಮೇಲೆ ಆ ಯುನೀಕ್ ತೆಗೆದು ಡಿಫರಬಲ್ ಅಂತ ಸೇರಿಸಿ ಮತ್ತೆ ಕಟ್ಟಿದೆ. ಈಗ ಸ್ಟೇಟ್‌ಮೆಂಟ್ (ಕೊಟ್ಟ ಒಂದು ಆದೇಶ) ಪೂರ್ತಿ ಮುಗಿದ್ಮೇಲೆ ನೋಡುತ್ತೆ, "ಸೆಟ್ ಕನ್‌ಸ್ಟ್ರೇಂಟ್ಸ್ ಆಲ್ ಡಿಫರ್ಡ್" ಅಂತ ಆದೇಶ ಕೊಟ್ರೆ ಕಮಿಟ್‌ವರೆಗೂ ಕಾಯುತ್ತೆ. ಪುಕ್ಕಟೆ ಅಲ್ಲ: ಇಂಥ ಯುನೀಕ್ ನಂಬ್ಕೊಂಡು ಆನ್ ಕಾನ್‌ಫ್ಲಿಕ್ಟ್ (ಡೂಪ್ಲಿಕೇಟ್ ಬಂದ್ರೆ ಏನ್ಮಾಡ್ಬೇಕು ಅನ್ನೋ ಸೂಚನೆ) ಬರೆಯೋಕಾಗಲ್ಲ, ಬೇರೆ ಟೇಬಲ್ಲಿನ ಫಾರಿನ್ ಕೀ (ಒಂದು ಟೇಬಲ್ಲಿಂದ ಇನ್ನೊಂದಕ್ಕೆ ಹಾಕೋ ಕೊಂಡಿ) ಇದನ್ನ ಹಿಡ್ಕೊಳ್ಳೋಕಾಗಲ್ಲ. ನಾಟ್ ನಲ್ (ಖಾಲಿ ಬಿಡಬಾರದು ಅನ್ನೋದು), ಚೆಕ್ ಕನ್‌ಸ್ಟ್ರೇಂಟು (ಇಂಥ ಷರತ್ತಿಗೆ ಹೊಂದಬೇಕು ಅನ್ನೋದು) ಪೋಸ್ಟ್‌ಗ್ರೆಸ್‌ನಲ್ಲಿ ಡಿಫರ್ರೇ ಆಗಲ್ಲ.

ನಿಜವಾದ ಆಫ್ ನೋಡ್ಬೇಕಾ? ಮೈಎಸ್‌ಕ್ಯೂಎಲ್ ಅನ್ನೋ ಇನ್ನೊಂದು ಡೇಟಾಬೇಸಲ್ಲಿ ಡಿಫರ್ ಅನ್ನೋದೇ ಇಲ್ಲ, ಹಂಗಾಗಿ ಜನ ಫಾರಿನ್ ಕೀ ಚೆಕ್ಸ್ ಅನ್ನೋ ಸೆಟ್ಟಿಂಗ್ ಸೊನ್ನೆ ಮಾಡ್ತಾರೆ, ಕಸ ತುಂಬ್ತಾರೆ, ವಾಪಸ್ ಒಂದು ಮಾಡ್ತಾರೆ. ಒಳಗೆ ಬಿದ್ದ ಕಸನ ಅದು ತಿರುಗಿ ನೋಡಲ್ಲ. ಅದನ್ನ ಮಾಡಿದವರೇ ನನ್ನ ಹತ್ರ ಬಂದು "ಡಿಫರ್ ರಿಸ್ಕಿ ಅಲ್ವಾ" ಅಂತಾರೆ.

ರಿಸ್ಕ್ ಇರೋದು ಬೇರೆ ಕಡೆ, ಅದನ್ನ ಯಾರೂ ಕೇಳಲ್ಲ: ಇನ್ಸರ್ಟ್ ಎಲ್ಲಾ ಸಲೀಸಾಗಿ ಹೋಗಿ ಕಮಿಟ್‌ನಲ್ಲಿ ಎರರ್ ಬಂದ್ರೆ ನಿಮ್ಮ ಕೋಡ್ ಅದನ್ನ ಹಿಡಿಯುತ್ತಾ, ಇಲ್ಲಾ ಅಷ್ಟೊತ್ತಿಗೆ ಸ್ಕ್ರೀನ್ ಮೇಲೆ "ಸೇವ್ ಆಯ್ತು" ಅಂತ ಹಸಿರು ಟಿಕ್ ಬಂದಾಗಿರುತ್ತಾ?