ಹಳೇ ಪಿಕಪ್ಪಿನ ಡೀಸೆಲ್ ಎಲ್ಲಿ ಸೋರುತ್ತಿದೆ: ಇಲ್ಲಿಯವರೆಗಿನ ಕೆಲಸ

ಕೆಲಸ ಶುರು ಮಾಡಿದಾಗಿನ ಸ್ಥಿತಿ ಮೊದಲು ಹೇಳಿಬಿಡುತ್ತೇನೆ. ಚಿಕ್ಕಪ್ಪನ ಪಿಕಪ್ಪು ಲೀಟರಿಗೆ ಒಂಬತ್ತು ಚಿಲ್ಲರೆ ಕಿಲೋಮೀಟರ್ ಕೊಡುತ್ತಿತ್ತು. ಎರಡೂವರೆ ಲೀಟರಿನ ನಾಲ್ಕು ಸಿಲಿಂಡರ್ ಟರ್ಬೊ ಡೀಸೆಲ್ ಎಂಜಿನ್, ಎಂಜಿನ್ನಿಗೆ ಡೀಸೆಲ್ ಒತ್ತಿ ಕೊಡಲು ಕಂಪ್ಯೂಟರ್ ಗೊಡವೆಯಿಲ್ಲದ ಮೆಕ್ಯಾನಿಕಲ್ ಪಂಪು, ಬಿಎಸ್-3 ಹೊಗೆ ನಿಯಮದ ಕಾಲದ ಗಾಡಿ. ಹೊಸದಿದ್ದಾಗ ಲೋಡ್ ಹೇರಿಕೊಂಡೇ ಹದಿಮೂರು ಕೊಡುತ್ತಿತ್ತು ಅಂತ ಚಿಕ್ಕಪ್ಪ ಆಣೆ ಮಾಡಿ ಹೇಳುತ್ತಾರೆ. ದಾವಣಗೆರೆ ಎಪಿಎಂಸಿಗೆ ಮೆಕ್ಕೆಜೋಳ, ಚಿತ್ರದುರ್ಗದ ಕಡೆಯಿಂದ ಈರುಳ್ಳಿ, ಸೀಸನ್ ಇಲ್ಲದಾಗ ಸಿಮೆಂಟು, ಕಬ್ಬಿಣ. ದಿನಾ ದುಡಿಯುವ ಗಾಡಿ. ಡೀಸೆಲ್ ತೊಂಬತ್ತು ರೂಪಾಯಿ ಆಸುಪಾಸಿನಲ್ಲಿರುವಾಗ ಬಾಡಿಗೆ ದುಡ್ಡಿನ ದೊಡ್ಡ ಪಾಲು ಬಂಕಿಗೇ ಹೋದರೆ ಮನೆಗೆ ಉಳಿಯುವುದೇನು?

ಕೇಳಿದವರೆಲ್ಲ ಕೊಟ್ಟ ಸಲಹೆ ಎರಡೇ: ಒಂದೋ ಪಂಪ್ ಬಿಚ್ಚಿಸಿ, ಇಲ್ಲಾ ಗಾಡಿ ಮಾರಿ. ಎರಡೂ ಬೇಡ ಅಂತ ಚಿಕ್ಕಪ್ಪನನ್ನು ಒಪ್ಪಿಸಿ ಭಾನುವಾರಗಳ ಕೆಲಸವಾಗಿ ಇದನ್ನು ಕೈಗೆತ್ತಿಕೊಂಡೆ. ಉಳಿದದ್ದೆಲ್ಲ ನೋಡಿ ಮುಗಿಯುವವರೆಗೆ ಪಂಪಿನ ಸೆಟ್ಟಿಂಗಿಗೆ ಹಾಕಿದ ಸೀಲ್ ಮುಟ್ಟಬಾರದು, ಒಂದು ಸಲಕ್ಕೆ ಒಂದೇ ಕೆಲಸ ಮಾಡಬೇಕು, ಪ್ರತಿ ಕೆಲಸದ ನಂತರ ಅಳೆಯಬೇಕು ಅಂತ ಮೊದಲೇ ಮಾತಾಯಿತು.

ಅಳತೆ

ಗಾಡಿಗಿಂತ ಮೊದಲು ಅಳತೆಯನ್ನು ರಿಪೇರಿ ಮಾಡಬೇಕಾಯಿತು. ಐನೂರು ರೂಪಾಯಿ ಡೀಸೆಲ್ ಹಾಕಿಸಿ ಎಷ್ಟು ದೂರ ಬಂತು ಅಂತ ಅಂದಾಜು ಮಾಡಿದರೆ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಅದೇ ಬಂಕು, ಅದೇ ಮೆಷಿನ್ನು, ಗಾಡಿ ನಿಲ್ಲಿಸುವ ಜಾಗವೂ ಅದೇ. ಗನ್ ಮೊದಲ ಸಲ ಕಟ್ ಆದ ತಕ್ಷಣ ನಿಲ್ಲಿಸುವುದು. ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ.

ಆಮೇಲೆ ಕಿಲೋಮೀಟರು. ಈ ಗಾಡಿಗೆ 215/75 ಆರ್15 ಟೈರ್ ಇರಬೇಕು. ಹಿಂದೆ ಯಾವಾಗಲೋ ಸೆಕೆಂಡ್ ಹ್ಯಾಂಡಿನಲ್ಲಿ ಸಿಕ್ಕಿದ್ದು ಅಂತ 235/75 ಆರ್15 ಹಾಕಿದ್ದರು. ಲೆಕ್ಕ ಹಾಕಿ ನೋಡಿ: ಮೊದಲನೆಯದರ ವ್ಯಾಸ ಸುಮಾರು 703 ಮಿಲಿಮೀಟರ್, ಎರಡನೆಯದು 733. ಚಕ್ರ ಒಂದು ಸುತ್ತಿಗೆ ಶೇ. 4ರಷ್ಟು ಹೆಚ್ಚು ದೂರ ಹೋಗುತ್ತದೆ, ಮೀಟರಿಗೆ ಅದು ಗೊತ್ತೇ ಆಗುವುದಿಲ್ಲ. ಎಲ್ಲರೂ ಈಗಲೂ ಎನ್‌ಎಚ್ 4 ಅನ್ನುವ 48ನೇ ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳ ಜೊತೆ ತಾಳೆ ನೋಡಿದೆ. ಇಪ್ಪತ್ತು ಕಲ್ಲು ದಾಟಿದಾಗ ಮೀಟರ್ ತೋರಿಸಿದ್ದು ಹತ್ತೊಂಬತ್ತು ಚಿಲ್ಲರೆ. ಅಂದರೆ 9.2 ಅಂತ ಕಂಡಿದ್ದು ನಿಜದಲ್ಲಿ 9.6. ಟೈರ್ ಬದಲಿಸಿದವರು ಮೈಲೇಜ್ ಬಿತ್ತು ಅಂತ ಗೋಳಾಡುವ ಮೊದಲು ಇದನ್ನೊಂದು ನೋಡಿಕೊಳ್ಳಬೇಕು.

ಇನ್ನೊಂದು ವಿಷಯ ಬಯಲುಸೀಮೆಯಲ್ಲಿ ಇರುವವರು ಗಮನಿಸುವುದೇ ಇಲ್ಲ, ಅದು ಏರು. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್, ಚಿತ್ರದುರ್ಗ ಸುಮಾರು 730. ಆನಗೋಡು, ಭರಮಸಾಗರದ ದಾರಿಯಲ್ಲಿ ಹೋಗುವಾಗ ಘಾಟಿ ಅನ್ನುವಂಥದ್ದೇನೂ ಕಾಣುವುದಿಲ್ಲ, ಆದರೆ ಲೋಡ್ ಸಮೇತ 2,700 ಕಿಲೋ ತೂಕವನ್ನು 130 ಮೀಟರ್ ಮೇಲೆತ್ತಿರುತ್ತೀವಿ. ಅದಕ್ಕೆ ಬೇಕಾದ ಶಕ್ತಿ ಸುಮಾರು 3.4 ಮೆಗಾಜೂಲ್. ಒಂದು ಲೀಟರ್ ಡೀಸೆಲ್ಲಿನಲ್ಲಿ 36 ಮೆಗಾಜೂಲ್ ಇದ್ದರೂ ಇಂಥ ಗಾಡಿಯಲ್ಲಿ ಚಕ್ರದವರೆಗೆ ಬಂದು ಮುಟ್ಟುವುದು ಹೆಚ್ಚೂಕಮ್ಮಿ ಮೂರರಲ್ಲೊಂದು ಪಾಲು. ಹಾಗಾಗಿ ಬರೀ ಏರಿಗೇ ಲೀಟರಿನ ಮೂರನೇ ಒಂದು ಭಾಗದ ಹತ್ತಿರ ಖರ್ಚು. ಅರವತ್ತು ಕಿಲೋಮೀಟರಿನ ಹಾದಿಯಲ್ಲಿ ಅದು ಶೇ. 5. ದುರ್ಗಕ್ಕೆ ಹೋಗುವಾಗ ಒಂದು ಲೆಕ್ಕ, ಬರುವಾಗ ಒಂದು ಲೆಕ್ಕ ಬರುವುದು ಅದಕ್ಕೇ. ಹೋಗಿಬಂದು ಅಳೆದರೆ ಮಾತ್ರ ಅಳತೆ.

ನಾನು ಲೀಟರಿಗೆ ಎಷ್ಟು ಕಿಲೋಮೀಟರ್ ಅನ್ನುವ ಬದಲು ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಅಂತ ಬರೆದಿಡುತ್ತಿದ್ದೇನೆ. ಇದಕ್ಕೆ ಕಾರಣ ಇದೆ. ಹದಿನಾಲ್ಕು ಕೊಡುವ ಗಾಡಿ ಹದಿನೈದಕ್ಕೆ ಏರಿದರೆ ನೂರು ಕಿಲೋಮೀಟರಿಗೆ ಉಳಿಯುವುದು ಅರ್ಧ ಲೀಟರೂ ಇಲ್ಲ. ಒಂಬತ್ತು ಕೊಡುವ ಗಾಡಿ ಹತ್ತಕ್ಕೆ ಏರಿದರೆ 1.1 ಲೀಟರ್ ಉಳಿಯುತ್ತದೆ. ಅದೇ ಒಂದು ಕಿಲೋಮೀಟರಿನ ಏರಿಕೆ, ಆದರೆ ದುಡ್ಡು ಎರಡರಷ್ಟಕ್ಕಿಂತ ಹೆಚ್ಚು. ಕುಡಿಯುವ ಹಳೇ ಗಾಡಿಯ ಮೇಲೆ ಮಾಡುವ ಸಣ್ಣ ಕೆಲಸಕ್ಕೇ ಹೆಚ್ಚು ಬೆಲೆ. ಗುಜರಿಗೆ ಹಾಕಿ ಅನ್ನುವವರಿಗೆ ನನ್ನ ಉತ್ತರ ಇದು.

ಶುರುವಿನ ಲೆಕ್ಕ: ನೂರಕ್ಕೆ 10.4 ಲೀಟರ್.

ಬ್ರೇಕು

ಮಟ್ಟಸ ಜಾಗದಲ್ಲಿ ನ್ಯೂಟ್ರಲ್‌ಗೆ ಹಾಕಿ ಖಾಲಿ ಗಾಡಿಯನ್ನು ಇಬ್ಬರು ತಳ್ಳಿದೆವು. ಅಲುಗಾಡಲಿಲ್ಲ. ಮೂರನೆಯವರು ಕೈ ಹಚ್ಚಿದ ಮೇಲೆ ಹೊರಟಿತು, ಕೈ ಬಿಟ್ಟ ಕೂಡಲೇ ನಿಂತಿತು. ಎಂಜಿನ್ ಬಗ್ಗೆ ಮಾತಾಡುವ ಮೊದಲು ಇದನ್ನು ಯಾರೂ ನೋಡಿರಲಿಲ್ಲ.

ಆವರಗೆರೆವರೆಗೆ ಒಂದು ರೌಂಡ್ ಓಡಿಸಿ ಬಂದು, ಬ್ರೇಕ್ ಹೆಚ್ಚು ತುಳಿಯದೆ ನಿಲ್ಲಿಸಿ, ಬೆರಳ ತುದಿಯಿಂದ ಪ್ರತಿ ಚಕ್ರದ ಹಬ್ ಮೇಲೆ ಒಂದೊಂದು ಹನಿ ನೀರು ಚಿಮುಕಿಸಿದೆ. ಮೂರು ಕಡೆ ನೀರು ಸುಮ್ಮನೆ ಇಳಿಯಿತು. ಮುಂದಿನ ಎಡಗಡೆ ಚುರ್ ಅಂತ ಆವಿಯಾಯಿತು. ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಬಿಚ್ಚಿದರೆ ಅದರ ಪಿನ್ನುಗಳು ತುಕ್ಕು ಹಿಡಿದು ಅಲ್ಲೇ ಕೂತಿದ್ದವು, ಪ್ಯಾಡು ಡಿಸ್ಕಿಗೆ ಸದಾ ಅಂಟಿಕೊಂಡೇ ಇತ್ತು. ಪಿನ್ ತೊಳೆದು, ಬ್ರೇಕಿಗೆ ಅಂತಲೇ ಬರುವ ಗ್ರೀಸ್ ಹಚ್ಚಿ, ರಬ್ಬರ್ ಬೂಟ್ ಹೊಸದು ಹಾಕಿದೆವು. ಹಿಂದಿನ ಡ್ರಮ್ಮಿನ ಹ್ಯಾಂಡ್ ಬ್ರೇಕ್ ಕೇಬಲ್ಲೂ ಸ್ವಲ್ಪ ಬಿಗಿ ಇತ್ತು, ಸಡಿಲಿಸಿದ್ದಾಯಿತು. ನಾಲ್ಕೂ ಚಕ್ರಕ್ಕೆ ಗಾಳಿ ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲಿ ಬರೆದ ಪ್ರಕಾರ, ಬೆಳಿಗ್ಗೆ ಟೈರ್ ತಣ್ಣಗಿರುವಾಗ.

9.7 ಲೀಟರಿಗೆ ಇಳಿಯಿತು. ಖರ್ಚು ಸಾವಿರ ರೂಪಾಯಿಯ ಒಳಗೆ.

ಥರ್ಮೋಸ್ಟಾಟ್

ನನಗೆ ಅತಿ ಹೆಚ್ಚು ಸಮಾಧಾನ ಕೊಟ್ಟ ಕೆಲಸ ಇದು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಗಾಡಿ ಎಷ್ಟು ಓಡಿದರೂ ಹೀಟ್ ಮೀಟರಿನ ಮುಳ್ಳು ಕಾಲು ಭಾಗಕ್ಕಿಂತ ಮೇಲೇಳುತ್ತಿರಲಿಲ್ಲ. ಚಿಕ್ಕಪ್ಪನಿಗೆ ಅದು ಹೆಮ್ಮೆ, ‘ನಮ್ಮ ಗಾಡಿ ಯಾವತ್ತೂ ಹೀಟ್ ಆಗಂಗಿಲ್ಲ ನೋಡು’ ಅನ್ನುತ್ತಿದ್ದರು. ಡೀಸೆಲ್ ಎಂಜಿನ್ ತಣ್ಣಗಿರುವುದು ಆರೋಗ್ಯ ಅಲ್ಲ. ಅದರಲ್ಲಿ ಕಿಡಿ ಹಚ್ಚುವ ಪ್ಲಗ್ ಇಲ್ಲ, ಒತ್ತಿದ ಗಾಳಿಯ ಕಾವಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಸಿಲಿಂಡರಿನ ಗೋಡೆ ತಣ್ಣಗಿದ್ದರೆ ಹೊತ್ತಿಕೊಳ್ಳುವುದು ತಡ, ಪೂರ್ತಿ ಸುಡುವುದೂ ಇಲ್ಲ. ಆಯಿಲ್ ಗಟ್ಟಿಯಾಗಿ ಎಳೆತ ಹೆಚ್ಚು. ಹುಟ್ಟಿದ ಕಾವಿನಲ್ಲಿ ದೊಡ್ಡ ಪಾಲು ನೀರಿಗೆ ಹೋಗಿಬಿಡುತ್ತದೆ.

ಎಂಜಿನ್ ಕಾಯುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ವಾಲ್ವೇ ಥರ್ಮೋಸ್ಟಾಟ್. ಅದರ ಹೌಸಿಂಗ್ ಬಿಚ್ಚಿದರೆ ಒಳಗೆ ವಾಲ್ವೇ ಇರಲಿಲ್ಲ. ಮೇಸ್ತ್ರಿಗೆ ತೋರಿಸಿದೆ. ‘ಬ್ಯಾಸಿಗಿಯಾಗೆ ಹೀಟ್ ಆಗ್ತೈತಿ ಅಂತ ಬಂದ್ರೆ ಎಲ್ರೂ ಅದನ್ನ ತೆಗೆದು ಒಗಿತಾರಣ್ಣ. ನೀರು ಸಲೀಸಾಗಿ ಹೋಗ್ಲಿ ಅಂತ’ ಅಂದರು.

ಹಾಗಾದರೆ ಆವತ್ತು ಹೀಟ್ ಆಗಿದ್ದು ಯಾಕೆ? ಅದಕ್ಕೆ ಉತ್ತರ ರೇಡಿಯೇಟರಿನಲ್ಲಿತ್ತು. ನಮ್ಮ ಕಡೆ ಬೋರಿನ ನೀರು ಗಡುಸು, ಪಾತ್ರೆಯಲ್ಲಿ ಕಾಯಿಸಿದರೆ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಅದೇ ನೀರನ್ನು ವರ್ಷಗಟ್ಟಲೆ ರೇಡಿಯೇಟರಿಗೆ ಸುರಿದಿದ್ದರು. ಸಣ್ಣ ಕೊಳವೆಗಳ ಒಳಗೆ ಸುಣ್ಣ ಕಟ್ಟಿ ಅರ್ಧದಷ್ಟು ಮುಚ್ಚಿಹೋಗಿದ್ದವು. ಕಾಯಿಲೆ ರೇಡಿಯೇಟರಿನದ್ದು, ಕಿತ್ತು ಎಸೆದದ್ದು ವಾಲ್ವನ್ನು. ಇದರಲ್ಲಿ ಇನ್ನೊಂದು ಅಪಾಯವೂ ಇದೆ. ಬಹಳಷ್ಟು ಎಂಜಿನ್ನುಗಳಲ್ಲಿ ಇದೇ ವಾಲ್ವು ಪೂರ್ತಿ ತೆರೆದಾಗ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ತೆಗೆದರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿಗೇ ವಾಪಸ್ ಬರುತ್ತದೆ. ಬಾಡಿಗೆ ಲೋಡ್ ಎಳೆಯುತ್ತಾ ಏರು ಹತ್ತುವ ದಿನ ಅದೇ ಎಂಜಿನ್ ಕುದಿಯಬಹುದು.

ರೇಡಿಯೇಟರ್ ಕೆಳಗಿಳಿಸಿ, ಅದರ ಟ್ಯಾಂಕ್ ಬಿಚ್ಚಿ, ಒಂದೊಂದು ಕೊಳವೆಗೂ ಸರಳು ತೂರಿಸಿ ಸುಣ್ಣ ತೆಗೆಸಿದ್ದಾಯಿತು. ಇನ್ನು ಮೇಲೆ ಅದಕ್ಕೆ ಬೋರ್ ನೀರು ಇಲ್ಲ. ಬ್ಯಾಟರಿಗೆ ಹಾಕುವಂಥ ಡಿಸ್ಟಿಲ್ಡ್ ನೀರು, ಅದಕ್ಕೆ ಕೂಲೆಂಟ್.

ಹೊಸ ವಾಲ್ವನ್ನು ಹಾಕುವ ಮೊದಲು ಚಿಕ್ಕಮ್ಮನ ಒಂದು ಹಳೇ ಪಾತ್ರೆಯಲ್ಲಿ ನೀರಿಟ್ಟು, ದಾರದಲ್ಲಿ ವಾಲ್ವ್ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಒಲೆ ಹಚ್ಚಿದೆ. ಅದರ ಮೇಲೆ 82 ಅಂತ ಕೊರೆದಿತ್ತು. ಎಪ್ಪತ್ತು ದಾಟಿದರೂ ಮಿಸುಕಲಿಲ್ಲ. ಎಂಬತ್ತೆರಡರ ಹತ್ತಿರ ಬಂದಾಗ ನಡುವಿನ ತಟ್ಟೆ ಒಂದು ಕೂದಲೆಳೆಯಷ್ಟು ಕದಲಿತು. ಒಳಗಿನ ಮೇಣ ಕರಗಿ ಹಿಗ್ಗಿದಂತೆಲ್ಲ ತಟ್ಟೆ ಮೆಲ್ಲಗೆ ಕೆಳಗಿಳಿದು ಸುತ್ತಲೂ ದಾರಿ ಬಿಟ್ಟಿತು. ಒಲೆ ಆರಿಸಿದ ಮೇಲೆ ಅಷ್ಟೇ ಮೆಲ್ಲಗೆ ಮುಚ್ಚಿಕೊಂಡಿತು. ಚಿಕ್ಕಪ್ಪ ಬಗ್ಗಿ ನೋಡುತ್ತಾ, ‘ಲೇ ತಮ್ಮಾ, ನಿದ್ದಿಯಿಂದ ಎದ್ದಂಗೆ ಕಣ್ಣು ಬಿಡ್ತೈತಲ್ಲೋ’ ಅಂದರು. ಆವತ್ತಿನಿಂದ ಈ ಕೆಲಸದಲ್ಲಿ ಅವರೂ ನನ್ನಷ್ಟೇ ತೊಡಗಿಕೊಂಡಿದ್ದಾರೆ.

ಈಗ ಮುಳ್ಳು ಹತ್ತು ನಿಮಿಷದೊಳಗೆ ನಡುವಿಗೆ ಬಂದು ಅಲ್ಲೇ ನಿಲ್ಲುತ್ತದೆ. ಬೆಳಗಿನ ಬಿಳಿ ಹೊಗೆ ಬೇಗ ನಿಲ್ಲುತ್ತದೆ. ನೂರಕ್ಕೆ 9 ಲೀಟರ್.

ಹೋಸು, ಫಿಲ್ಟರು, ಟ್ಯಾಪೆಟ್

ಏರಿನಲ್ಲಿ ಕಪ್ಪು ಹೊಗೆ ಇನ್ನೂ ಇತ್ತು. ಟರ್ಬೊದಿಂದ ಎಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಹೋಸಿಗೆ ಸೋಪಿನ ನೀರು ಹಚ್ಚಿ ರೇಸ್ ಮಾಡಿಸಿದಾಗ ಕ್ಲಾಂಪಿನ ಪಕ್ಕದಲ್ಲಿ ಗುಳ್ಳೆ ಎದ್ದವು. ಟರ್ಬೊ ಒತ್ತಿದ ಗಾಳಿ ಹೊರಗೆ ಹೋಗಿ ಡೀಸೆಲ್ ಮಾತ್ರ ಒಳಗೆ ಬಂದರೆ ಹೊಗೆ ಬಾರದೆ ಇನ್ನೇನು? ಹೋಸು, ಏರ್ ಫಿಲ್ಟರ್ ಹೊಸದು. ಟ್ಯಾಪೆಟ್ ಗ್ಯಾಪ್, ಅಂದರೆ ಎಂಜಿನ್ ವಾಲ್ವುಗಳ ಸಂದು, ಮೇಸ್ತ್ರಿ ಸೆಟ್ ಮಾಡಿಕೊಟ್ಟರು. 8.8.

ನಾಜಲ್

ಇಷ್ಟಾದ ಮೇಲೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಲ್ಕೂ ಇಂಜೆಕ್ಟರ್ ಬಿಚ್ಚಿ ಟೆಸ್ಟಿಗೆ ಒಯ್ದೆ. ಅದರ ತುದಿಯೇ ನಾಜಲ್. ಕೈ ಪಂಪು ಒತ್ತಿದಾಗ ಒಳ್ಳೇ ನಾಜಲ್ಲಿನಿಂದ ಡೀಸೆಲ್ ಮಂಜಿನಂತೆ ಹಾರಿ ತಟ್ಟನೆ ನಿಲ್ಲಬೇಕು. ಮೂರನೇ ಸಿಲಿಂಡರಿನದ್ದು ನಿಂತ ಮೇಲೂ ತುದಿಯಲ್ಲಿ ಒಂದು ಹನಿ ಕಟ್ಟಿ ತೊಟ್ಟಿಕ್ಕುತ್ತಿತ್ತು. ಉಳಿದವುಗಳ ಸ್ಪ್ರಿಂಗ್ ಸೋತು ಪ್ರೆಶರ್ ಇಳಿದಿತ್ತು. ನಾಲ್ಕಕ್ಕೂ ಹೊಸ ನಾಜಲ್, ಶಿಮ್ ಅನ್ನುವ ತೆಳು ಬಿಲ್ಲೆ ಹಾಕಿ ಪ್ರೆಶರ್ ಸಮ ಮಾಡಿಸಿದ್ದು. ಗಾಡಿಯ ಎಳೆತ ಹೆಚ್ಚಲಿ ಅಂತ, ಹೆಚ್ಚು ಡೀಸೆಲ್ ಬಿಡುವಂತೆ ಪಂಪಿನ ಫುಲ್ ಲೋಡ್ ಸ್ಕ್ರೂ ತಿರುಗಿಸಿಕೊಡುವುದಾಗಿ ಅಲ್ಲಿ ಹೇಳಿದರು, ಬೇಡ ಅಂದೆ. ಆ ಸ್ಕ್ರೂ ತಿರುಗಿಸಿದರೆ ಬರುವ ಎಳೆತ ಡೀಸೆಲ್ಲಿನಿಂದಲೇ ಬರಬೇಕು, ಬೇರೆಲ್ಲಿಂದಲೂ ಅಲ್ಲ. 8.5.

ಗಾಳಿ, ತಾಡಪಾಲು, ವೇಗ

ಆಷಾಢ ಬಂದಾಗ ಲೆಕ್ಕ ಮತ್ತೆ ಕೆಟ್ಟಿತು. ಚಿತ್ರದುರ್ಗದ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿರುವ ಸೀಮೆ ಇದು, ಆ ಗಾಳಿ ಗಾಡಿಗೂ ಬಡಿಯುತ್ತದೆ. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಅರವತ್ತರಲ್ಲಿ ಇದ್ದ ತಡೆ ಎಂಬತ್ತಕ್ಕೆ 1.78 ಪಟ್ಟು. ಇಪ್ಪತ್ತು ಕಿಲೋಮೀಟರ್ ವೇಗದ ಎದುರುಗಾಳಿ ಇದ್ದರೆ ಅರವತ್ತರಲ್ಲಿ ಹೋಗುವ ಗಾಡಿಗೂ ಎಂಬತ್ತರ ತಡೆಯೇ. ಹಿಂದಿನಿಂದ ತಳ್ಳುವಾಗ ಸ್ವಲ್ಪ ವಾಪಸ್ ಸಿಗುತ್ತದೆ, ಆದರೆ ಕಳೆದದ್ದು ಪೂರ್ತಿ ಬರುವುದಿಲ್ಲ. ಹಾಗಾಗಿ ಗಾಳಿ ಏಳುವ ಮೊದಲು, ಬೆಳಗಿನ ಜಾವದ ಓಡಾಟವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದೇನೆ.

ಖಾಲಿ ವಾಪಸ್ ಬರುವಾಗ ಕಬ್ಬಿಣದ ಕಮಾನಿನ ಮೇಲೆ ತಾಡಪಾಲು ಪಟಪಟ ಹೊಡೆದುಕೊಳ್ಳುತ್ತಾ ಬರುತ್ತಿತ್ತು. ಈಗ ಕಮಾನು ಬಿಚ್ಚಿ ಒಳಗೆ ಮಲಗಿಸಿ, ತಾಡಪಾಲು ಮಡಚಿ ಕಟ್ಟುತ್ತೇವೆ. ಹೆದ್ದಾರಿಯಲ್ಲಿ ಅರವತ್ತು. ಎಪಿಎಂಸಿ ತೂಕದ ಸಾಲಿನಲ್ಲಿ ಎಂಜಿನ್ ಬಂದ್, ಸುಮ್ಮನೆ ನಿಂತ ಎಂಜಿನ್ನೂ ಗಂಟೆಗೆ ಅರ್ಧ ಲೀಟರ್ ಹತ್ತಿರ ಕುಡಿಯುತ್ತದೆ. ವೇಗದ ವಿಷಯಕ್ಕೆ ಚಿಕ್ಕಪ್ಪ ಒಪ್ಪಿಕೊಂಡರು, ಅವರ ಡ್ರೈವರ್ ಹುಡುಗ ಇನ್ನೂ ಪೂರ್ತಿ ಒಪ್ಪಿಲ್ಲ. ಚಿಕ್ಕಪ್ಪ ಓಡಿಸಿದ ದಿನ 8.1, ಹುಡುಗ ಓಡಿಸಿದ ದಿನ 8.5ರಲ್ಲೇ ಇದೆ.

ಇವತ್ತಿಗೆ

8.1 ಅಂದರೆ ಲೀಟರಿಗೆ 12.3. ನೂರು ಕಿಲೋಮೀಟರಿಗೆ 2.3 ಲೀಟರ್ ಉಳಿತಾಯ, ಇನ್ನೂರು ರೂಪಾಯಿಯ ಮೇಲೆ. ಅದರಲ್ಲಿ ನಾಜಲ್ಲಿನ ಪಾಲು 0.3 ಲೀಟರ್ ಮಾತ್ರ. ಬ್ರೇಕು ಮತ್ತು ಥರ್ಮೋಸ್ಟಾಟ್ ಸೇರಿ 1.4. ಪಂಪಿನ ಸೀಲ್ ಹಾಗೇ ಇದೆ.

ಬಾಕಿ ಇರುವುದು ಎರಡು. ಎಂಜಿನ್ ತಣ್ಣಗಿದ್ದಾಗ ರೇಡಿಯೇಟರ್ ಫ್ಯಾನನ್ನು ಸಡಿಲ ಬಿಡಬೇಕಾದ ಕಪ್ಲಿಂಗ್ ಜಾಮ್ ಆಗಿದೆಯೇನೋ ಅನ್ನುವ ಅನುಮಾನ ಇದೆ, ಬೆಳಗಿನ ಚಳಿಯಲ್ಲೂ ಫ್ಯಾನು ಪೂರ್ತಿ ಸದ್ದಿನಲ್ಲಿ ತಿರುಗುತ್ತದೆ. ಮುಂದಿನ ಭಾನುವಾರ ಅದನ್ನೇ ಬಿಚ್ಚುವುದು. ಹಿಂದಿನ ಟೈರು ಸವೆದು ಬದಲಿಸುವಾಗ 215ಕ್ಕೇ ವಾಪಸ್ ಹೋಗುತ್ತೇವೆ, ಅಲ್ಲಿಯವರೆಗೆ ಮೀಟರಿನ ಲೆಕ್ಕಕ್ಕೆ ಶೇ. 4 ಕೂಡಿಸಿಯೇ ಬರೆಯುವುದು.