ಒಂದು ಲೀಟರ್ ನೀರಿಗೆ ಒಂಬತ್ತು ಗ್ರಾಂ ಉಪ್ಪು

ಮೂಗು ತೊಳೆಯುವ ಪುಡಿಯ ಪೊಟ್ಟಣಗಳು ಮುಗಿದದ್ದು ಮೂಗು ಪೂರ್ತಿ ಹದಗೆಟ್ಟ ದಿನವೇ. ಬೆಳಿಗ್ಗೆಯಿಂದ ಅಕ್ಕನೂ ನಾನೂ ಸೇರಿ ಹಳೆಯ ಪುಸ್ತಕಗಳ ಕಪಾಟು ಖಾಲಿ ಮಾಡಿ ಒರೆಸಿದ್ದೆವು. ದೂಳು ನನಗೆ ಮೊದಲಿನಿಂದಲೂ ಆಗುವುದಿಲ್ಲ. ಸಂಜೆಯ ಹೊತ್ತಿಗೆ ಹಣೆ ಭಾರವಾಗಿ, ಗಂಟಲಿನ ಹಿಂದೆ ಗೊಣ್ಣೆ ಇಳಿಯತೊಡಗಿತು. ಇಬ್ಬರಿಗೂ ಸೀನು ನಿಲ್ಲಲಿಲ್ಲ.

ನಮ್ಮ ಡಾಕ್ಟರು ಹಿಂದೊಮ್ಮೆ ಹೇಳಿದ್ದರು, "ದೂಳಲ್ಲಿ ಕೆಲಸ ಮಾಡಿದ ದಿನ ಮರೀದೇ ಉಪ್ಪುನೀರಲ್ಲಿ ಮೂಗು ತೊಳ್ಕೊಳ್ಳಿ. ಪೊಟ್ಟಣ ಇಲ್ಲದಿದ್ರೆ ಮನೇಲೇ ಮಾಡ್ಕೊಬಹುದು, ಆದ್ರೆ ಅಳತೆ ಸರಿ ಇರಲಿ, ನೀರು ಕುದಿಸಿದ್ದೇ ಆಗಿರಲಿ." ಅಳತೆಯನ್ನು ಚೀಟಿಯಲ್ಲಿ ಬರೆದೂ ಕೊಟ್ಟಿದ್ದರು. 1 ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಅರ್ಧ ಟೀ ಚಮಚ ಅಡುಗೆ ಸೋಡಾ.

ನಾನು ತಕ್ಕಡಿ ತೆಗೆದದ್ದು ನೋಡಿ ಅಕ್ಕ ಕೇಳಿದಳು, "ಅದಕ್ಕೆಲ್ಲ ತೂಕ ಯಾಕೆ? ಚಿಟಿಕೆ ಉಪ್ಪು ಹಾಕಿದ್ರೆ ಆಯ್ತಲ್ವಾ?"

ಈಜುವಾಗ ಮೂಗಿಗೆ ನೀರು ಹೋಗಿ ನೆತ್ತಿಯವರೆಗೂ ಚುರ್ ಎಂದ ಅನುಭವ ಅವಳಿಗೂ ಇದೆ. ಅದನ್ನೇ ನೆನಪಿಸಿದೆ. ಸಪ್ಪೆ ನೀರಿನಲ್ಲಿ ಉಪ್ಪಿನಂಶ ತೀರಾ ಕಡಿಮೆ, ಮೂಗಿನ ಒಳಪೊರೆಯ ಜೀವಕೋಶಗಳಲ್ಲಿ ಜಾಸ್ತಿ. ಆಗ ನೀರು ಕೋಶಗಳ ಒಳಗೆ ನುಗ್ಗುತ್ತದೆ, ಕೋಶ ಊದಿಕೊಳ್ಳುತ್ತದೆ. ಉರಿ ಅಲ್ಲಿಂದಲೇ. ಉಪ್ಪು ಮಿತಿಮೀರಿದರೆ ಕೋಶದೊಳಗಿನ ನೀರು ಹೊರಗೆ ಬರುತ್ತದೆ, ಆಗಲೂ ಉರಿಯೇ. ಶೇಕಡಾ 0.9ರ ಆಸುಪಾಸಿನಲ್ಲಿ ಎರಡೂ ಕಡೆ ಸಮ. ಡಚ್ ವಿಜ್ಞಾನಿ ಹ್ಯಾಂಬರ್ಗರ್ 19ನೇ ಶತಮಾನದ ಕೊನೆಯಲ್ಲಿ ರಕ್ತದ ಮೇಲೆ ಮಾಡಿದ ಕೆಲಸದಿಂದ ನೆಲೆಯೂರಿದ ಅಂಕಿ ಇದು. ಡ್ರಿಪ್ ಹಾಕುವ ಸಲೈನ್ ಬಾಟಲಿಯ ಮೇಲೂ ಇದೇ ಅಂಕಿ ಇರುತ್ತದೆ. ಹಾಗಾಗಿ ಇದರಲ್ಲಿ ಕೈಯಂದಾಜು ಬೇಡ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಅಕ್ಕನಿಗೆ ಮಾತಿಗಿಂತ ಕಣ್ಣಾರೆ ನೋಡಿದರೆ ನಂಬಿಕೆ. ಅದೇ ಟೀ ಚಮಚದಲ್ಲಿ ನುಣ್ಣನೆಯ ಉಪ್ಪು ತುಂಬಿ, ಚಾಕುವಿನ ಬೆನ್ನಿನಿಂದ ಸಮ ಮಾಡಿ ತಕ್ಕಡಿಗೆ ಹಾಕಿದೆ. 6 ಗ್ರಾಂ. ಆಮೇಲೆ ಅವಳೇ ಎಂದಿನಂತೆ ಗೋಪುರ ಏರಿಸಿ ಒಂದು ಚಮಚ ಹಾಕಿದಳು. 9 ದಾಟಿತು. ಹರಳುಪ್ಪು ಹಾಕಿದಾಗ ಮೊದಲಿನಷ್ಟೂ ತೂಗಲಿಲ್ಲ, ಹರಳುಗಳ ನಡುವೆ ಗಾಳಿಯೇ ಜಾಸ್ತಿ. ಚಮಚ ಒಂದೇ, ತೂಕ ಮಾತ್ರ ಮೂರು ಥರ. ತಕ್ಕಡಿ ಇಲ್ಲದವರು ನುಣ್ಣನೆಯ ಉಪ್ಪನ್ನು ಸಮ ಮಾಡಿದ ಒಂದೂವರೆ ಟೀ ಚಮಚದಷ್ಟು ಲೀಟರ್‌ಗೆ ಹಾಕಬಹುದು. ಅಡುಗೆಮನೆಯ ತಕ್ಕಡಿ ಅರ್ಧ ಗ್ರಾಂ ತೋರಿಸುವುದಿಲ್ಲ. ಅದಕ್ಕೇ ನಾನು ಅರ್ಧ ಲೀಟರ್ ಮಾಡದೆ ಒಂದು ಲೀಟರ್ ಮಾಡಿದೆ.

ಉಪ್ಪು ಅಯೋಡಿನ್ ಬೆರೆಸದ್ದಾಗಿದ್ದರೆ ಒಳ್ಳೆಯದು. ಅಯೋಡಿನ್ ಆಗಲಿ, ಉಂಡೆಗಟ್ಟದಿರಲಿ ಅಂತ ಸೇರಿಸುವ ಪುಡಿಯಾಗಲಿ ಕೆಲವರ ಮೂಗಿಗೆ ಹಿಡಿಸುವುದಿಲ್ಲ. ಸೋಡಾ ಹಾಕುವುದು ನೀರು ಮೂಗಿಗೆ ಇನ್ನಷ್ಟು ಹಿತವಾಗಲಿ ಅಂತ. ಇಲ್ಲದಿದ್ದರೂ ನಡೆಯುತ್ತದೆ.

ನೀರಿನ ವಿಷಯ ಮಾತ್ರ ಹಾಗಲ್ಲ. ಅಕ್ಕ ಆಗಲೇ ಫಿಲ್ಟರಿನಿಂದ ಒಂದು ಜಗ್ ಹಿಡಿದುಕೊಂಡು ಬಂದಿದ್ದಳು. "ಕುಡಿಯೋ ನೀರೇ ಇದು. ಹೊಟ್ಟೆಗೆ ಹೋಗೋದು ಮೂಗಿಗೆ ಯಾಕಾಗಲ್ಲ?"

ಒಳ್ಳೆಯ ಪ್ರಶ್ನೆ. ತುಂಬ ಜನ ಹೀಗೇ ಅಂದುಕೊಂಡಿರುತ್ತಾರೆ. ನೇಗ್ಲೇರಿಯಾ ಫೌಲೆರಿ ಎಂಬ ಅಮೀಬಾ ಇದೆ. ಬೆಚ್ಚಗಿನ ಸಿಹಿನೀರಿನಲ್ಲಿ ಬದುಕುತ್ತದೆ. ನೀರಿನ ಜೊತೆ ನುಂಗಿದರೆ ಅದರಿಂದ ಸೋಂಕು ಬರುವುದಿಲ್ಲ. ಅದೇ ಮೂಗಿನ ಮೇಲ್ಭಾಗಕ್ಕೆ ಹೋಯಿತೆಂದರೆ, ವಾಸನೆ ತಿಳಿಸುವ ನರದ ಗುಂಟ ನೇರ ಮಿದುಳಿಗೆ ಹತ್ತುತ್ತದೆ. ಆ ಕಾಯಿಲೆ ತೀರಾ ಅಪರೂಪ, ಆದರೆ ಬಂದವರಲ್ಲಿ ಬದುಕಿ ಉಳಿದವರು ಬಹಳ ಕಡಿಮೆ. 2011ರಲ್ಲಿ ಅಮೆರಿಕದ ಲೂಯಿಸಿಯಾನಾದಲ್ಲಿ ಇಬ್ಬರು ಇದರಿಂದ ತೀರಿಕೊಂಡರು. ಇಬ್ಬರೂ ನೇತಿ ಪಾತ್ರೆಯಲ್ಲಿ ನಲ್ಲಿ ನೀರು ಹಾಕಿ ಮೂಗು ತೊಳೆಯುತ್ತಿದ್ದವರು. ಇದನ್ನು ಕೇಳಿ ಅಕ್ಕ ಜಗ್ಗನ್ನು ಕೆಳಗಿಟ್ಟಳು.

ಮನೆಯ ಫಿಲ್ಟರಿನ ನೀರು ಕುಡಿಯಲು ಸರಿ. ಆದರೆ ಅದರ ಟ್ಯಾಂಕಿನಲ್ಲಿ, ನಲ್ಲಿಯ ಮೂತಿಯಲ್ಲಿ ಏನೂ ಬೆಳೆದಿಲ್ಲ ಅಂತ ಹೇಳಲಾಗದು. ಬ್ಯಾಟರಿಗೆ ಹಾಕುವ ಬಟ್ಟಿ ಇಳಿಸಿದ ನೀರು ಕೂಡ ಬೇಡ, ಅದನ್ನು ಮೂಗಿಗೆ ಅಂತ ತಯಾರಿಸಿರುವುದಿಲ್ಲ. ಕುದಿಸುವುದೇ ಸುಲಭದ ದಾರಿ. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು. 2,000 ಮೀಟರ್‌ಗಿಂತ ಎತ್ತರದ ಜಾಗದಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುವುದರಿಂದ ಮೂರು ನಿಮಿಷ ಬೇಕು.

ಆವಿಯಾಗಿ ಹೋಗುವುದನ್ನು ಲೆಕ್ಕ ಹಿಡಿದು ಲೀಟರ್‌ಗಿಂತ ಸ್ವಲ್ಪ ಜಾಸ್ತಿಯೇ ಇಟ್ಟೆ. ಕುದಿದ ಮೇಲೆ, ಸೋಪು ಹಾಕಿ ತೊಳೆದು ಕುದಿನೀರಲ್ಲಿ ಜಾಲಿಸಿದ ಗಾಜಿನ ಜಾಡಿಗೆ ಅಳೆದು ಹಾಕಿದೆ. ಬಿಸಿ ಇರುವಾಗಲೇ ಉಪ್ಪು, ಸೋಡಾ ಬಿತ್ತು. ಕೆಳಗೆ ಉಪ್ಪು ಒಂದು ಸಲ ಮೋಡದ ಹಾಗೆ ಎದ್ದು, ಕದಡಿದಂತೆ ಮಾಯವಾಯಿತು. ತಳದಲ್ಲಿ ಕಸ ಉಳಿದಿದೆಯಾ ಅಂತ ಜಾಡಿಯನ್ನು ದೀಪಕ್ಕೆ ಹಿಡಿದು ನೋಡಿದೆ. ಏನೂ ಇರಲಿಲ್ಲ.

ಆರುವುದಕ್ಕೆ ಕಾಯುವುದೇ ಇದರಲ್ಲಿ ಕಷ್ಟದ ಕೆಲಸ. ಮೂಗು ಕಟ್ಟಿ ಬಾಯಲ್ಲಿ ಉಸಿರಾಡುತ್ತಾ ಕೂತವರಿಗೆ ಗಡಿಯಾರ ಮುಂದೆ ಹೋಗುವುದೇ ಇಲ್ಲ. ಬೇಗ ಆರಲಿ ಅಂತ ತಣ್ಣೀರು ಬೆರೆಸುವ ಹಾಗಿಲ್ಲ, ಬೆರೆಸಿದರೆ ಕುದಿಸಿದ್ದೂ ಅಳೆದದ್ದೂ ಎರಡೂ ವ್ಯರ್ಥ. ಮುಚ್ಚಳ ಹಾಕಿ, ಜಾಡಿಯನ್ನು ತಣ್ಣೀರಿನ ಬೋಗುಣಿಯಲ್ಲಿ ನಿಲ್ಲಿಸಿದೆವು. ಮಣಿಕಟ್ಟಿನ ಒಳಬದಿಗೆ ಒಂದು ಹನಿ ಬಿಟ್ಟಾಗ ಬಿಸಿಯೂ ಅಲ್ಲ, ತಂಪೂ ಅಲ್ಲ ಅನ್ನಿಸಿದರೆ ಹದ ಬಂತು ಅಂತ ಅರ್ಥ.

ಹದವಾದ ನೀರನ್ನು ಮೂಗು ತೊಳೆಯುವ ಬಾಟಲಿಗೆ ತುಂಬಿಕೊಂಡು ವಾಶ್ ಬೇಸಿನ್ ಮೇಲೆ ಬಾಗಿ, ತಲೆಯನ್ನು ಒಂದು ಪಕ್ಕಕ್ಕೆ ಓರೆ ಮಾಡಿದೆ. ಬಾಯಿ ತೆರೆದು "ಆ..." ಎನ್ನುತ್ತಾ ಮೇಲಿನ ಹೊಳ್ಳೆಗೆ ಬಾಟಲಿಯ ಮೂತಿ ಇಟ್ಟು ಮೆಲ್ಲಗೆ ಒತ್ತಿದೆ. "ಆ" ಅಂದರೆ ಅಂಗುಳದ ಹಿಂಭಾಗ ಮೇಲಕ್ಕೆದ್ದು ನೀರು ಗಂಟಲಿಗೆ ಇಳಿಯುವುದು ಕಡಿಮೆಯಾಗುತ್ತದೆ. ಮೊದಲು ಏನೂ ಆಗಲಿಲ್ಲ. ಕಟ್ಟಿದ ಕಡೆ ನೀರು ನಿಂತು ಮೂಗಿನ ಬೇರಿನಲ್ಲಿ ಸ್ವಲ್ಪ ಒತ್ತಡ ಅನ್ನಿಸಿತು. ಜೋರಾಗಿ ಒತ್ತದೆ ಹಾಗೇ ಹಿಡಿದುಕೊಂಡೆ. ಆಮೇಲೆ ಕೆಳಗಿನ ಹೊಳ್ಳೆಯಿಂದ ಒಂದೊಂದೇ ಹನಿ, ಅದರ ಹಿಂದೆಯೇ ದಾರದಂಥ ಗಟ್ಟಿ ಗೊಣ್ಣೆ, ಅದರಲ್ಲಿ ಬೂದು ಬಣ್ಣದ ದೂಳಿನ ಗೆರೆ! ಬೆಳಿಗ್ಗೆಯಿಂದ ಒಳಗೆ ಎಳೆದುಕೊಂಡದ್ದು ಕಣ್ಣೆದುರೇ ಬೇಸಿನ್‌ಗೆ ಬಿತ್ತು. ಉರಿ ಅನ್ನುವುದು ಒಂಚೂರೂ ಇರಲಿಲ್ಲ.

ಅಕ್ಕ ಹೆದರುತ್ತಲೇ ಬಾಗಿದಳು. ಅವಳಿಗೆ ಬೇರೆ ಬಾಟಲಿ, ಒಬ್ಬರದು ಇನ್ನೊಬ್ಬರು ಬಳಸುವಂತಿಲ್ಲ. ಮುಗಿಸಿದ್ದೇ ತಡ ಎರಡೂ ಹೊಳ್ಳೆ ಒತ್ತಿ ಹಿಡಿದು ಜೋರಾಗಿ ಸೀದಲು ಹೋದಳು. ಕೈ ಹಿಡಿದು ತಡೆದೆ. ಮೂಗಿನ ಹಿಂಭಾಗದಿಂದ ಕಿವಿಗೆ ಒಂದು ಸಣ್ಣ ನಾಳ ಇದೆ, ಹಾಗೆ ಸೀದಿದರೆ ನೀರು ಕಿವಿಗೆ ತಳ್ಳಿಕೊಂಡು ಹೋಗುತ್ತದೆ. ಮುಂದಕ್ಕೆ ಬಾಗಿ, ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ಉಳಿದ ನೀರು ಇಳಿಯಲು ಬಿಟ್ಟು, ಆಮೇಲೆ ಮೆಲ್ಲಗೆ ಸೀದಿದರೆ ಸಾಕು.

"ಉರಿಯುತ್ತೆ ಅಂದ್ಕೊಂಡಿದ್ದೆ ಕಣೇ, ಏನೂ ಆಗ್ಲಿಲ್ವಲ್ಲ" ಅಂದಳು.

ನಮ್ಮ ಮಾವನಿಗೂ ಇದನ್ನು ಹೇಳಿಕೊಡಬೇಕು ಅಂತ ಅವಳ ಆಸೆ. ಮಾವನಿಗೆ ಈಚೆಗೆ ಮೂಗಿನ ಆಪರೇಷನ್ ಆಗಿದೆ. ಆಪರೇಷನ್ ಆದವರು, ಕಿವಿ ಸೋಂಕು ಇರುವವರು, ಪದೇ ಪದೇ ಮೂಗಿನಲ್ಲಿ ರಕ್ತ ಬರುವವರು ಮೊದಲು ಡಾಕ್ಟರನ್ನು ಕೇಳಲೇಬೇಕು ಅಂದೆ. ನಾಳೆ ಕೇಳಿಯೇ ಹೇಳ್ತೀನಿ ಅಂತ ಒಪ್ಪಿದಳು.

ಬಾಟಲಿಗಳನ್ನು ಸೋಪು ಹಾಕಿ, ಉಳಿಸಿದ್ದ ಕುದಿಸಿದ ನೀರಲ್ಲೇ ತೊಳೆದು ಬೋರಲು ಹಾಕಿದೆವು, ಒಳಗೆ ಪಸೆ ಉಳಿಯಬಾರದು. ಜಾಡಿಯಲ್ಲಿ ಇನ್ನೂ ಅರ್ಧದಷ್ಟು ಉಪ್ಪುನೀರು ಇತ್ತು. ಮುಚ್ಚಿ ಇಟ್ಟರೆ ಒಂದು ದಿನಕ್ಕೆ ಅಡ್ಡಿಯಿಲ್ಲ, ಅದಕ್ಕಿಂತ ಜಾಸ್ತಿ ನಾನು ಇಡುವುದಿಲ್ಲ. ಅಕ್ಕ ಮುಚ್ಚಳಕ್ಕೆ ಒಂದು ಕಾಗದ ಅಂಟಿಸಿ, ಮಾಡಿದ ತಾರೀಕು, ಹೊತ್ತು ಎರಡನ್ನೂ ದಪ್ಪ ಅಕ್ಷರದಲ್ಲಿ ಬರೆದಳು. ನಾನು ತಕ್ಕಡಿ ಎತ್ತಿಡಲು ಹೋದರೆ, "ಇರಲಿ ಬಿಡು, ಇನ್ನೊಂದಷ್ಟು ತೂಗಿ ಪೊಟ್ಟಣ ಕಟ್ಟೋಣ" ಅಂತ ಕಾಗದ ಕತ್ತರಿಸಲು ಕೂತಳು.